ಮನೆ ಹರಾಜಾದ ಮೇಲೆ ಮಿಕ್ಕುವ ದುಡ್ಡು, ಅದರ ಹಿಂದೆ ಬೀಳುವ ದಲ್ಲಾಳಿಗಳು

ಅಮೆರಿಕದಲ್ಲಿ ಸಾಲ ತೀರಿಸಲಾಗದೆ ಮನೆ ಹರಾಜಾದವರಿಗೆ ಕೆಲವೇ ದಿನಗಳಲ್ಲಿ ಗುರುತಿಲ್ಲದ ಫೋನ್ ಕರೆಗಳು ಶುರುವಾಗುತ್ತವೆ. ಮಾತು ಹೆಚ್ಚುಕಮ್ಮಿ ಒಂದೇ ತರ ಇರುತ್ತದೆ. ‘ನಿಮ್ಮ ಹೆಸರಿನಲ್ಲಿ ದುಡ್ಡು ಬಾಕಿ ಇದೆ. ನಾವು ಬಿಡಿಸಿಕೊಡುತ್ತೇವೆ. ಈ ಕಾಗದಕ್ಕೆ ಒಂದು ಸಹಿ ಹಾಕಿದರೆ ಸಾಕು.’

ಇದರಲ್ಲಿ ಮೊದಲ ಮಾತು ಎಷ್ಟೋ ಸಲ ನಿಜ. ದುಡ್ಡು ನಿಜವಾಗಿಯೂ ಇರುತ್ತದೆ. ಈ ಮೋಸದ ಬಲವೇ ಅದು. ಲಾಟರಿ ಹೊಡೆದಿದೆ ಅಂತ ಬರುವ ಮೆಸೇಜನ್ನು ನಾವು ನಕ್ಕು ಅಳಿಸಿಬಿಡುತ್ತೇವೆ. ಇಲ್ಲಿ ಹಾಗೆ ಮಾಡುವುದು ಕಷ್ಟ. ಕರೆ ಮಾಡಿದವನಿಗೆ ನಿಮ್ಮ ಮನೆಯ ವಿಳಾಸ ಗೊತ್ತು, ಹರಾಜಾದ ತಾರೀಕು ಗೊತ್ತು, ಎಷ್ಟಕ್ಕೆ ಹೋಯಿತು ಅನ್ನುವುದೂ ಗೊತ್ತು. ಗೊತ್ತಿಲ್ಲದೆ ಇರುವುದು ಮನೆ ಕಳೆದುಕೊಂಡವರಿಗೆ ಮಾತ್ರ.

ದುಡ್ಡು ಎಲ್ಲಿಂದ ಬರುತ್ತದೆ ಅನ್ನುವುದನ್ನು ಮೊದಲು ನೋಡೋಣ. ಒಂದು ಮನೆಯ ಮೇಲೆ ಅಸಲು, ಬಡ್ಡಿ, ಕೋರ್ಟು ಖರ್ಚು ಎಲ್ಲ ಸೇರಿ 2,50,000 ಡಾಲರ್ ಬಾಕಿ ಇದೆ ಅಂದುಕೊಳ್ಳಿ. ಹರಾಜಿನಲ್ಲಿ ಅದು 3,40,000 ಡಾಲರಿಗೆ ಹೋಯಿತು. ಸಾಲ ಕೊಟ್ಟವರು ತಮ್ಮ 2,50,000 ತೆಗೆದುಕೊಳ್ಳುತ್ತಾರೆ. ಮಿಕ್ಕ 90,000 ಬ್ಯಾಂಕಿನದಲ್ಲ. ಮನೆ ಕೊಂಡವನದೂ ಅಲ್ಲ. ಅದೇ ಮನೆಯ ಮೇಲೆ ಎರಡನೇ ಸಾಲ ಇದ್ದರೆ, ಬೇರೆ ಯಾವುದಾದರೂ ಬಾಕಿ ದಾಖಲಾಗಿದ್ದರೆ, ಅವರಿಗೆ ಮುಂದಿನ ಪಾಲು. ಅದೆಲ್ಲ ತೀರಿದ ಮೇಲೆ ಉಳಿದದ್ದು ಹಳೆಯ ಮಾಲೀಕರಿಗೆ ಸೇರಬೇಕು.

2008ರ ಆರ್ಥಿಕ ಕುಸಿತದ ನಂತರದ ವರ್ಷಗಳಲ್ಲಿ ಇಂಥ ಉಳಿಕೆ ಅಪರೂಪವಾಗಿತ್ತು. 2010ರ ಒಂದೇ ವರ್ಷದಲ್ಲಿ ಅಮೆರಿಕದ 28 ಲಕ್ಷಕ್ಕೂ ಹೆಚ್ಚು ಮನೆಗಳಿಗೆ ಹರಾಜಿಗೆ ಸಂಬಂಧಪಟ್ಟ ನೋಟಿಸುಗಳು ಹೋಗಿದ್ದವು. ಆಗ ಎಷ್ಟೋ ಮನೆಗಳ ಬೆಲೆ ಸಾಲಕ್ಕಿಂತ ಕೆಳಗೆ ಬಿದ್ದಿತ್ತು. ಹರಾಜಾದರೆ ಮಿಕ್ಕಲು ಏನೂ ಇರುತ್ತಿರಲಿಲ್ಲ. ಆದ್ದರಿಂದ ಆಗಿನ ಮೋಸಗಾರರು ಹರಾಜಿಗೆ ಮುಂಚೆಯೇ ಬರುತ್ತಿದ್ದರು. ಹರಾಜು ನಿಲ್ಲಿಸುತ್ತೇವೆ, ಕಂತು ಇಳಿಸಿಕೊಡುತ್ತೇವೆ ಅಂತ ಹೇಳಿ ಮುಂಗಡ ವಸೂಲಿ ಮಾಡಿ ಮಾಯವಾಗುತ್ತಿದ್ದರು. ಇದನ್ನು ತಡೆಯಲು ಗ್ರಾಹಕರ ಹಿತ ಕಾಯುವ ಅಲ್ಲಿನ ಕೇಂದ್ರ ಸಂಸ್ಥೆ ಫೆಡರಲ್ ಟ್ರೇಡ್ ಕಮಿಷನ್ 2010ರಲ್ಲಿ ಒಂದು ನಿಯಮ ತಂದಿತು. ಸಾಲ ಕೊಟ್ಟವರಿಂದ ಪರಿಹಾರದ ಪತ್ರ ತಂದು, ಗ್ರಾಹಕರು ಅದನ್ನು ಒಪ್ಪುವ ತನಕ ಒಂದು ಡಾಲರನ್ನೂ ತೆಗೆದುಕೊಳ್ಳುವ ಹಾಗಿಲ್ಲ ಅನ್ನುವುದು ಅದರ ತಿರುಳು.

ಆಮೇಲೆ ಕಾಲ ಬದಲಾಯಿತು. ಮನೆಗಳ ಬೆಲೆ ಮತ್ತೆ ಏರಿತು, 2020ರ ನಂತರವಂತೂ ತುಂಬಾ ಏರಿತು. ಹತ್ತು ವರ್ಷ ಕಂತು ಕಟ್ಟಿದ ಎಷ್ಟೋ ಜನರ ಮನೆಯಲ್ಲಿ ಈಗ ಸಾಲಕ್ಕಿಂತ ಸ್ವಂತದ ಪಾಲೇ ಜಾಸ್ತಿ. ಇಂಥ ಮನೆ ಹರಾಜಾದರೆ ದುಡ್ಡು ಮಿಕ್ಕುತ್ತದೆ. ಮೋಸವೂ ದುಡ್ಡು ಇರುವ ಕಡೆ ಹೊರಳಿತು. ಆದರೆ 2010ರ ನಿಯಮ ಮುಖ್ಯವಾಗಿ ಮನೆ ಉಳಿಸಿಕೊಡುತ್ತೇವೆ ಅನ್ನುವವರನ್ನು ಕುರಿತದ್ದು. ಮನೆ ಹೋದ ಮೇಲೆ ಉಳಿದ ದುಡ್ಡಿನ ಕಥೆಯನ್ನು ಹೆಚ್ಚಾಗಿ ಆಯಾ ರಾಜ್ಯಗಳ ಕಾನೂನಿಗೇ ಬಿಡಲಾಗಿದೆ. ರಾಜ್ಯ ರಾಜ್ಯಕ್ಕೂ ನಿಯಮ ಬೇರೆ.

ಬ್ಯಾಂಕ್ ಸಾಲ ಒಂದರಿಂದಲೇ ಮನೆ ಹೋಗುತ್ತದೆ ಅಂತ ಅಂದುಕೊಳ್ಳಬೇಡಿ. ಆಸ್ತಿ ತೆರಿಗೆ ಕಟ್ಟದಿದ್ದರೂ ಹೋಗುತ್ತದೆ. ಬಡಾವಣೆಯ ನಿವಾಸಿಗಳ ಸಂಘಕ್ಕೆ ಕಟ್ಟಬೇಕಾದ ವಂತಿಗೆ ಬಾಕಿ ಉಳಿದರೂ ಹಲವು ರಾಜ್ಯಗಳಲ್ಲಿ ಸಂಘವೇ ಮನೆಯನ್ನು ಹರಾಜಿಗೆ ತರಬಹುದು. ನಮ್ಮ ಅಪಾರ್ಟ್‌ಮೆಂಟ್ ಸಂಘಗಳ ಮೇಂಟೆನೆನ್ಸ್ ಜಗಳ ಗೊತ್ತಿದ್ದವರಿಗೆ ಇದು ನಂಬಲು ಕಷ್ಟ. ಇಂಥ ಕಡೆ ಬಾಕಿ ಸಣ್ಣದು, ಮನೆಯ ಬೆಲೆ ದೊಡ್ಡದು. ಮಿಕ್ಕುವ ದುಡ್ಡೂ ದೊಡ್ಡದಾಗಬಹುದು.

ಎಷ್ಟು ಸಣ್ಣ ಬಾಕಿ ಅಂದರೆ, ಮಿಶಿಗನ್ ರಾಜ್ಯದ ಓಕ್ಲೆಂಡ್ ಕೌಂಟಿಯಲ್ಲಿ (ಕೌಂಟಿ ಅಂದರೆ ನಮ್ಮ ಜಿಲ್ಲೆಯಂಥದ್ದು) ಉರಿ ರಫೇಲಿ ಅನ್ನುವವರ ತೆರಿಗೆ ಲೆಕ್ಕದಲ್ಲಿ ಕಡಿಮೆ ಬಿದ್ದದ್ದು 8 ಡಾಲರ್ 41 ಸೆಂಟ್. ಬಡ್ಡಿ, ದಂಡ ಸೇರಿ ಅದು ಮುನ್ನೂರರ ಆಸುಪಾಸಿಗೆ ಬೆಳೆಯಿತು. ಕೌಂಟಿ ಮನೆಯನ್ನು 24,500 ಡಾಲರಿಗೆ ಮಾರಿತು, ಮಿಕ್ಕದ್ದನ್ನೂ ತಾನೇ ಇಟ್ಟುಕೊಂಡಿತು. ಹಾಗೆ ಇಟ್ಟುಕೊಳ್ಳುವುದು ತಪ್ಪು ಅಂತ ಮಿಶಿಗನ್ ಸುಪ್ರೀಂ ಕೋರ್ಟು 2020ರ ಜುಲೈನಲ್ಲಿ ಹೇಳಿತು.

ಮಿನಿಯಾಪೊಲಿಸಿನ ಜೆರಾಲ್ಡಿನ್ ಟೈಲರ್ ಅವರದು ಇನ್ನೂ ಹೆಸರಾದ ಕೇಸು. ತೆರಿಗೆ, ಬಡ್ಡಿ, ದಂಡ ಎಲ್ಲ ಸೇರಿ ಸುಮಾರು 15,000 ಡಾಲರ್ ಬಾಕಿ. ಹೆನೆಪಿನ್ ಕೌಂಟಿ ಅವರ ಫ್ಲ್ಯಾಟನ್ನು 40,000ಕ್ಕೆ ಮಾರಿ ಉಳಿದ 25,000 ಡಾಲರನ್ನೂ ಇಟ್ಟುಕೊಂಡಿತು. 2023ರ ಮೇ 25ರಂದು ಅಮೆರಿಕದ ಸುಪ್ರೀಂ ಕೋರ್ಟಿನ ಒಂಬತ್ತೂ ನ್ಯಾಯಾಧೀಶರು ಅವರ ಪರವಾಗಿ ತೀರ್ಪು ಕೊಟ್ಟರು. ಆಗ ಅವರಿಗೆ 94 ವರ್ಷ. ಬಾಕಿ ಎಷ್ಟಿದೆಯೋ ಅಷ್ಟನ್ನು ಮಾತ್ರ ಸರ್ಕಾರ ತೆಗೆದುಕೊಳ್ಳಬಹುದು, ಮಿಕ್ಕದ್ದಕ್ಕೆ ಕೈ ಹಾಕಿದರೆ ಅದು ಸಂವಿಧಾನಕ್ಕೆ ವಿರುದ್ಧ ಅನ್ನುವುದು ತೀರ್ಪಿನ ಸಾರ. ಆಗ ಸುಮಾರು ಹನ್ನೆರಡು ರಾಜ್ಯಗಳಲ್ಲಿ ಒಂದಲ್ಲ ಒಂದು ರೀತಿಯಲ್ಲಿ ಹೀಗೆ ಮಿಕ್ಕ ದುಡ್ಡು ಇಟ್ಟುಕೊಳ್ಳುವ ಪದ್ಧತಿ ಇತ್ತು. ಅವೆಲ್ಲ ಕಾನೂನು ತಿದ್ದಬೇಕಾಯಿತು.

ಒಳ್ಳೆಯ ತೀರ್ಪು, ಅನುಮಾನವೇ ಇಲ್ಲ. ಆದರೆ ದುಡ್ಡು ಮಾಲೀಕರದ್ದು ಅಂತ ಕೋರ್ಟು ಹೇಳುವುದು ಬೇರೆ, ಆ ದುಡ್ಡು ಮಾಲೀಕರ ಕೈ ಸೇರುವುದು ಬೇರೆ. ಮುಂಚೆ ಸರ್ಕಾರವೇ ನುಂಗುತ್ತಿದ್ದ ದುಡ್ಡು ಈಗ ‘ಅರ್ಜಿ ಹಾಕಿದರೆ ಕೊಡುತ್ತೇವೆ’ ಅನ್ನುವ ಸಾಲಿಗೆ ಬಂತು. ದಲ್ಲಾಳಿಗಳಿಗೆ ಹೊಸ ಸಂತೆ ತೆರೆದಂತಾಯಿತು.

ಮಿಶಿಗನ್ನಿನ ನಿಯಮವನ್ನೇ ನೋಡಿ. ಅಲ್ಲಿ ತೆರಿಗೆ ಬಾಕಿಯ ಮನೆಗಳು ಸಾಮಾನ್ಯವಾಗಿ ಮಾರ್ಚ್ 31ಕ್ಕೆ ಮಾಲೀಕರ ಕೈ ತಪ್ಪುತ್ತವೆ. ಹರಾಜು ನಡೆಯುವುದು ಅಲ್ಲಿನ ಬೇಸಿಗೆ, ಅಂದರೆ ಜೂನ್‌ನಿಂದ ಆಗಸ್ಟ್, ಕಳೆಯುವ ಹೊತ್ತಿಗೆ ಅಥವಾ ಅದರ ಆಮೇಲೆ. ಆದರೆ ಮಿಕ್ಕ ದುಡ್ಡು ನನಗೆ ಬೇಕು ಅಂತ 5743ನೇ ನಂಬರಿನ ಫಾರಂ ತುಂಬಿ, ನೋಟರಿ ಮಾಡಿಸಿ, ಜುಲೈ 1ರೊಳಗೆ ಕೊಡಬೇಕು. ಅಂದರೆ ಮನೆ ಇನ್ನೂ ಮಾರಾಟವೇ ಆಗಿಲ್ಲ, ಒಂದು ಡಾಲರ್ ಮಿಕ್ಕುತ್ತದೋ ಇಲ್ಲವೋ ಯಾರಿಗೂ ಗೊತ್ತಿಲ್ಲ, ಆಗಲೇ ಕೇಳಿಬಿಡಬೇಕು! ಆ ತಾರೀಕು ತಪ್ಪಿದರೆ ಸಾಧಾರಣವಾಗಿ ಕಥೆ ಮುಗಿಯಿತು. ಮನೆ ಖಾಲಿ ಮಾಡುವ ಗಡಿಬಿಡಿಯಲ್ಲಿ ಇರುವವರು ಇಂಥ ಫಾರಂ ಹುಡುಕಿಕೊಂಡು ಹೋಗುತ್ತಾರಾ?

ನನಗೆ ಕಾಣುವಂತೆ ಇಡೀ ಮೋಸದ ಬೇರು ಇಲ್ಲೇ ಇದೆ. ಹರಾಜಿನ ದಾಖಲೆ ಸಾರ್ವಜನಿಕ. ಯಾವ ಮನೆ, ಯಾರ ಹೆಸರು, ಎಷ್ಟು ಬಾಕಿ, ಎಷ್ಟಕ್ಕೆ ಹೋಯಿತು, ಎಲ್ಲವನ್ನೂ ಕೋರ್ಟಿನ ಅಥವಾ ಕೌಂಟಿಯ ಕಚೇರಿಯಲ್ಲಿ ಯಾರು ಬೇಕಾದರೂ ನೋಡಬಹುದು. ಹಲವು ಕಡೆ ಮಿಕ್ಕ ದುಡ್ಡಿನ ಪಟ್ಟಿಯನ್ನೇ ಇಂಟರ್ನೆಟ್ಟಿನಲ್ಲಿ ಹಾಕುತ್ತಾರೆ. ಮಾಲೀಕರಿಗೆ ಮಾತ್ರ ಅಂಚೆಯಲ್ಲಿ ಪತ್ರ ಹೋಗುತ್ತದೆ. ಯಾವ ವಿಳಾಸಕ್ಕೆ? ಕಚೇರಿಗೆ ಗೊತ್ತಿರುವ ಕೊನೆಯ ವಿಳಾಸಕ್ಕೆ. ಬಹಳ ಸಲ ಅದು ಹರಾಜಾದ ಅದೇ ಮನೆ! ಮನೆಯವರು ಆಗಲೇ ಬಿಟ್ಟು ಹೋಗಿರುತ್ತಾರೆ. ಪತ್ರ ಬಂದರೂ ಸಿಗದು. ಸಿಕ್ಕರೂ, ವರ್ಷದಿಂದ ಬ್ಯಾಂಕು ಕೋರ್ಟುಗಳ ಲಕೋಟೆ ನೋಡಿ ನೋಡಿ ಬೇಸತ್ತವರು ಒಡೆಯದೆ ಪಕ್ಕಕ್ಕೆ ಎಸೆಯುತ್ತಾರೆ. ಫೋನ್ ಮಾಡಿ ಹುಡುಕುವ ಕೆಲಸವನ್ನು ಸರ್ಕಾರ ಮಾಡುವುದಿಲ್ಲ, ದಲ್ಲಾಳಿ ಮಾಡುತ್ತಾನೆ.

ಹೀಗೆ ಹುಡುಕಿಕೊಂಡು ಬರುವವರೆಲ್ಲ ಕಳ್ಳರಲ್ಲ ಅನ್ನುವುದನ್ನೂ ಹೇಳಬೇಕು. ಮಾಲೀಕರು ತೀರಿಹೋಗಿದ್ದಾರೆ, ನಾಲ್ಕು ಜನ ವಾರಸುದಾರರು ನಾಲ್ಕು ಊರಲ್ಲಿದ್ದಾರೆ, ಸಾಲ ಕೊಟ್ಟ ಮೂರು ಜನ ಆ ದುಡ್ಡಿಗೆ ತಕರಾರು ತೆಗೆದಿದ್ದಾರೆ ಅಂದರೆ ವಕೀಲರು ಬೇಕೇ ಬೇಕು. ಅವರ ಶ್ರಮಕ್ಕೆ ಫೀಸು ನ್ಯಾಯ. ಆದರೆ ಒಬ್ಬರೇ ಮಾಲೀಕರು, ಬೇರೆ ಯಾರೂ ಪಾಲು ಕೇಳಿಲ್ಲ, ಎರಡು ಪುಟದ ಫಾರಂ, ಒಂದು ಗುರುತಿನ ಚೀಟಿ. ಇಷ್ಟಕ್ಕೆ ಮೂರನೇ ಒಂದು ಪಾಲೋ ಅರ್ಧವೋ ಕೇಳಿದರೆ ಅದನ್ನು ಸೇವೆ ಅಂತ ಹೇಳಲು ನನಗೆ ಬಾಯಿ ಬರುವುದಿಲ್ಲ.

ಅರ್ಧ ಕೇಳುವವನಾದರೂ ಅರ್ಧ ಕೊಡುತ್ತಾನೆ. ನಿಜವಾದ ಅಪಾಯ ಸಹಿ ಹಾಕಿಸಿಕೊಳ್ಳುವ ಕಾಗದದ ಒಳಗಿದೆ. ಕೆಲವು ಕಾಗದ ಕಮಿಷನ್ ಒಪ್ಪಂದದ ಹಾಗೆ ಕಾಣುತ್ತವೆ, ಓದಿದರೆ ಹಕ್ಕನ್ನೇ ಪೂರ್ತಿ ಬರೆದುಕೊಟ್ಟಂತೆ ಇರುತ್ತದೆ. 2,000 ಡಾಲರ್ ಈಗಲೇ ಕೈಗೆ ಕೊಟ್ಟು, ಮುಂದೆ ಬರುವ 60,000ದ ಹಕ್ಕನ್ನು ಬರೆಸಿಕೊಳ್ಳುವುದು ಹೀಗೆಯೇ. ಇನ್ನು ಕೆಲವದರಲ್ಲಿ ಪವರ್ ಆಫ್ ಅಟಾರ್ನಿ, ಅಂದರೆ ನಿಮ್ಮ ಪರವಾಗಿ ವ್ಯವಹರಿಸುವ ಅಧಿಕಾರ ಕೊಡುವ ಪತ್ರ, ಸೇರಿರುತ್ತದೆ. ಅದಕ್ಕೆ ಸಹಿ ಬಿದ್ದರೆ ಚೆಕ್ಕು ನಿಮ್ಮ ಹೆಸರಿನ ಬದಲು ಅವರ ಕೈಗೆ ಹೋಗುವ ದಾರಿ ತೆರೆಯುತ್ತದೆ. ಮೂರನೆಯದು ಕ್ವಿಟ್‌ಕ್ಲೇಮ್ ಪತ್ರ. ಮನೆಯಲ್ಲಿ ನನಗೆ ಇದ್ದ ಹಕ್ಕನ್ನೆಲ್ಲ ಬಿಟ್ಟುಕೊಟ್ಟಿದ್ದೇನೆ ಅನ್ನುವ ಪತ್ರ ಅದು. ‘ಹೇಗೂ ಮನೆ ಹೋಗಿದೆಯಲ್ಲ, ಇದೊಂದು ಫಾರ್ಮಾಲಿಟಿ’ ಅಂತ ಮುಂದಿಡುತ್ತಾರೆ. ಮನೆ ಹೋಗಿದ್ದರೂ ಹಕ್ಕು ಹೋಗಿಲ್ಲದೆ ಇರಬಹುದು. ಕೆಲವು ರಾಜ್ಯಗಳಲ್ಲಿ ಹರಾಜಾದ ಮೇಲೂ ಕೆಲವು ತಿಂಗಳ ಕಾಲ ಪೂರ್ತಿ ದುಡ್ಡು ಕಟ್ಟಿ ಮನೆ ಬಿಡಿಸಿಕೊಳ್ಳುವ ಅವಕಾಶ ಇದೆ. ಮಿನೆಸೋಟಾದಲ್ಲಿ ಬ್ಯಾಂಕ್ ಸಾಲದ ಹರಾಜಿಗೆ ಸಾಮಾನ್ಯವಾಗಿ 6 ತಿಂಗಳು. ಆ ಹಕ್ಕಿಗೂ ಬೆಲೆ ಇದೆ. ಅದನ್ನು ಪುಡಿಗಾಸಿಗೆ ಬರೆಸಿಕೊಳ್ಳುವವರೂ ಇದ್ದಾರೆ.

ಕರೆ ಮಾಡಿದವನು ಎಷ್ಟು ದುಡ್ಡಿದೆ ಅಂತ ಹೇಳುತ್ತಾನಾ ಅನ್ನುವುದನ್ನು ಗಮನಿಸಿ. ಹಲವರು ಮೊತ್ತ ಹೇಳುವುದಿಲ್ಲ. ಸಹಿ ಹಾಕಿ, ಆಮೇಲೆ ಹೇಳುತ್ತೇವೆ ಅನ್ನುತ್ತಾರೆ. ಇಲ್ಲವೇ ಕಡಿಮೆ ಹೇಳುತ್ತಾರೆ. ಇನ್ನು ಕೆಲವರು ಉಲ್ಟಾ, ಎರಡನೇ ಸಾಲವನ್ನೆಲ್ಲ ಲೆಕ್ಕಕ್ಕೆ ತೆಗೆದುಕೊಳ್ಳದೆ ದೊಡ್ಡ ಮೊತ್ತ ತೋರಿಸಿ ‘ಪ್ರೊಸೆಸಿಂಗ್ ಫೀಸು’ ಮುಂಚೆಯೇ ಕೇಳುತ್ತಾರೆ. ಇದಕ್ಕೂ ಮುಂದೆ ಹೋಗಿ, ಕೌಂಟಿ ಕಚೇರಿಯಿಂದಲೇ ಮಾತಾಡುತ್ತಿದ್ದೇವೆ ಅನ್ನುವವರು ಇದ್ದಾರೆ. ಮಾಲೀಕರ ನಕಲಿ ಸಹಿ ಹಾಕಿ, ನಕಲಿ ಗುರುತಿನ ಚೀಟಿ ಇಟ್ಟು, ಮಾಲೀಕರಿಗೆ ಗೊತ್ತೇ ಆಗದ ಹಾಗೆ ದುಡ್ಡು ಎತ್ತುವ ಪ್ರಯತ್ನಗಳೂ ನಡೆಯುತ್ತವೆ.

ಕಾನೂನು ಸುಮ್ಮನೆ ಕೂತಿಲ್ಲ. ಫ್ಲೋರಿಡಾದಲ್ಲಿ ಹರಾಜು ಕೋರ್ಟಿನ ಮೂಲಕವೇ ನಡೆಯುತ್ತದೆ. ಅಲ್ಲಿ ತೀರ್ಪಿನ ಪ್ರತಿಯಲ್ಲೇ ದೊಡ್ಡ ಅಕ್ಷರದಲ್ಲಿ ಒಂದು ಎಚ್ಚರಿಕೆ ಹಾಕಬೇಕು ಅಂತ ಕಾನೂನಿದೆ. ಮಿಕ್ಕ ದುಡ್ಡನ್ನು ಮಾಲೀಕರು ತಾವೇ ಕೇಳಬಹುದು, ಅದಕ್ಕೆ ವಕೀಲರನ್ನು ಇಡಬೇಕಾಗಿಲ್ಲ, ಹಕ್ಕನ್ನು ಬೇರೆಯವರಿಗೆ ಬರೆದುಕೊಡಬೇಕಾಗಿಲ್ಲ, ಹರಾಜಾದ 10 ದಿನದೊಳಗೆ ಕೋರ್ಟಿನ ದಾಖಲೆ ನೋಡಿಕೊಳ್ಳುವ ಕ್ಲರ್ಕ್ ಕಚೇರಿಯಲ್ಲಿ ವಿಚಾರಿಸಿ ಅನ್ನುವುದು ಅದರ ಸಾರ. ಯಾರಾದರೂ ಹಕ್ಕು ಬರೆಸಿಕೊಂಡರೂ ಅವರ ಒಟ್ಟು ಲಾಭ ಮಿಕ್ಕ ದುಡ್ಡಿನ ನೂರಕ್ಕೆ 12ನ್ನು ಮೀರಬಾರದು. ಒಂದು ವರ್ಷ ಯಾರೂ ಕೇಳದೆ ಉಳಿದರೆ ದುಡ್ಡು ರಾಜ್ಯದ ವಾರಸುದಾರರಿಲ್ಲದ ಹಣದ ವಿಭಾಗಕ್ಕೆ ಹೋಗುತ್ತದೆ.

ಟೆಕ್ಸಾಸ್ ಇನ್ನೂ ಬಿಗಿ. ಅಲ್ಲಿ ಮಿಕ್ಕ ದುಡ್ಡು ಬಿಡಿಸಿಕೊಡಲು ನೂರಕ್ಕೆ 25 ಅಥವಾ 1,000 ಡಾಲರ್, ಎರಡರಲ್ಲಿ ಯಾವುದು ಕಡಿಮೆಯೋ ಅದಕ್ಕಿಂತ ಜಾಸ್ತಿ ಫೀಸು ತೆಗೆದುಕೊಳ್ಳುವಂತಿಲ್ಲ. ಕೇಳಲು ಎರಡು ವರ್ಷ ಸಮಯ. ಚೆನ್ನಾಗಿದೆ ಅಲ್ವಾ? ಆದರೆ ಈ ನಿಯಮ ಇರುವುದು ತೆರಿಗೆ ಕಾಯ್ದೆಯಲ್ಲಿ. ತೆರಿಗೆ ಬಾಕಿಗಾಗಿ ಹರಾಜಾದ ಮನೆಗಳಿಗೆ ಮಾತ್ರ ಅನ್ವಯ. ಅದೇ ಬೀದಿಯಲ್ಲಿ ಬ್ಯಾಂಕ್ ಸಾಲಕ್ಕೆ ಹೋದ ಮನೆಯ ಮಾಲೀಕರಿಗೆ ಈ ರಕ್ಷಣೆ ಇಲ್ಲ.

ನನಗೆ ಜಾಣತನ ಅನಿಸುವುದು ಕ್ಯಾಲಿಫೋರ್ನಿಯಾದ ಒಂದು ನಿಯಮ. ಅಲ್ಲಿ ಹೆಚ್ಚಿನ ಹರಾಜು ಕೋರ್ಟಿನ ಹೊರಗೆ ಟ್ರಸ್ಟಿ, ಅಂದರೆ ಹರಾಜು ನಡೆಸಿಕೊಡಲು ಗೊತ್ತು ಮಾಡಿದ ಮೂರನೆಯವರ, ಮೂಲಕ ನಡೆಯುತ್ತದೆ. ದುಡ್ಡು ಮಿಕ್ಕಿದರೆ, ಹರಾಜಿನ ನಂತರ ಕೊಂಡವರ ಹೆಸರಿಗೆ ಪತ್ರ ಬರೆದುಕೊಟ್ಟ 30 ದಿನದೊಳಗೆ ಟ್ರಸ್ಟಿ ಎಲ್ಲ ಹಕ್ಕುದಾರರಿಗೂ ನೋಟಿಸ್ ಕಳಿಸಬೇಕು. ಹರಾಜಾದ 65 ದಿನದ ತನಕ ಯಾವ ದಲ್ಲಾಳಿಯೂ ಈ ದುಡ್ಡು ಬಿಡಿಸಿಕೊಡುವ ಒಪ್ಪಂದ ಮಾಡಿಕೊಳ್ಳುವ ಹಾಗಿಲ್ಲ. ಅಂದರೆ ಟ್ರಸ್ಟಿಯ ಪತ್ರ ಮೊದಲು ತಲುಪಲಿ, ದಲ್ಲಾಳಿಯ ಫೋನ್ ಆಮೇಲೆ ಬರಲಿ ಅನ್ನುವ ಲೆಕ್ಕ. ಇಂಥ ಸಲಹೆಗಾರರು ಮಾಲೀಕರಿಂದ ಪವರ್ ಆಫ್ ಅಟಾರ್ನಿ ಬರೆಸಿಕೊಳ್ಳುವುದೂ ಅಲ್ಲಿ ನಿಷೇಧ. ಕೆಲಸ ಮುಗಿಯುವ ಮುಂಚೆ ಫೀಸು ಕೇಳುವುದೂ ನಿಷೇಧ.

ಆದರೂ ಇವೆಲ್ಲ ಕಮಿಷನ್ನಿಗೆ ಬೇಲಿ ಹಾಕುವ ಕೆಲಸವೇ. ಒಂದು ಮೂಲ ಪ್ರಶ್ನೆಯನ್ನು ಯಾರೂ ಕೇಳುತ್ತಿಲ್ಲ ಅನಿಸುತ್ತದೆ. ಬೇರೆ ಯಾರೂ ಪಾಲು ಕೇಳದೆ ಇದ್ದಾಗ, ಮಾಲೀಕರು ಯಾರು ಅನ್ನುವುದು ದಾಖಲೆಯಲ್ಲೇ ಇದ್ದಾಗ, ಅರ್ಜಿ ಯಾಕೆ ಬೇಕು? ಬಾಕಿ ವಸೂಲಿಗೆ ಮನೆ ಹುಡುಕಿಕೊಂಡು ಬರುವ ವ್ಯವಸ್ಥೆಗೆ ಉಳಿದ ದುಡ್ಡು ಕೊಡಲು ಮಾತ್ರ ಅದೇ ವ್ಯಕ್ತಿ ಸಿಗುವುದಿಲ್ಲ ಅಂದರೆ ಹೇಗೆ? ಮನೆ ಖಾಲಿ ಮಾಡಿಸುವ ದಿನವೇ ಹೊಸ ವಿಳಾಸ, ಫೋನ್ ನಂಬರ್, ಬ್ಯಾಂಕ್ ಖಾತೆಯ ವಿವರ ಕೇಳಿ ಬರೆದುಕೊಳ್ಳಬಹುದು. ಚೆಕ್ಕನ್ನು ಮಾಲೀಕರ ಹೆಸರಿಗೆ ಮಾತ್ರ ಬರೆಯಬೇಕು ಅಂತ ನಿಯಮ ಮಾಡಬಹುದು. ಈ ಎರಡನೆಯದೊಂದೇ ಸಾಕು, ಪವರ್ ಆಫ್ ಅಟಾರ್ನಿಯ ಅರ್ಧ ಆಟ ನಿಲ್ಲುತ್ತದೆ. ಪಟ್ಟಿಯನ್ನು ಮುಚ್ಚಿಡಬೇಕು ಅನ್ನುವವರೂ ಇದ್ದಾರೆ. ಅದು ನನಗೆ ಸರಿ ಕಾಣುವುದಿಲ್ಲ. ಪಟ್ಟಿ ಮುಚ್ಚಿದರೆ ದಲ್ಲಾಳಿಗೆ ಸಿಗುವುದಿಲ್ಲ ಸರಿ, ಮಾಲೀಕರ ಮಕ್ಕಳಿಗೂ ನೆಂಟರಿಗೂ ಪತ್ರಕರ್ತರಿಗೂ ಸಿಗುವುದಿಲ್ಲ.

ಉಳಿದ ಮೋಸಗಳನ್ನು ಬೇಗ ಹೇಳಿಬಿಡುತ್ತೇನೆ. ಹರಾಜನ್ನೇ ರದ್ದು ಮಾಡಿಸುತ್ತೇವೆ, ನಿಮ್ಮ ಸಾಲದ ಕಾಗದಗಳನ್ನು ಆಡಿಟ್ ಮಾಡಿ ತಪ್ಪು ಹುಡುಕುತ್ತೇವೆ ಅಂತ ಹೇಳಿ ಸಾವಿರಾರು ಡಾಲರ್ ಕೀಳುವವರಿದ್ದಾರೆ. ಇಂಥ ಆಡಿಟ್ ವರದಿಯಿಂದ ಮನೆ ಉಳಿಯುತ್ತದೆ ಅನ್ನಲು ಆಧಾರವಿಲ್ಲ ಅಂತ ಫೆಡರಲ್ ಟ್ರೇಡ್ ಕಮಿಷನ್ ಬಹಳ ಹಿಂದೆಯೇ ಎಚ್ಚರಿಸಿದೆ. ಹರಾಜಿನಲ್ಲಿ ಸಾಲ ಪೂರ್ತಿ ತೀರಲಿಲ್ಲ, ಉಳಿದದ್ದು ಕಟ್ಟಿ ಅಂತ ಬರುವ ಕರೆಗಳಲ್ಲಿ ನಿಜವೂ ಇರುತ್ತವೆ, ಸುಳ್ಳೂ ಇರುತ್ತವೆ. ಕ್ಯಾಲಿಫೋರ್ನಿಯಾದಂಥ ಕಡೆ ಕೋರ್ಟಿನ ಹೊರಗೆ ಹರಾಜು ಮಾಡಿದ ಸಾಲದಾತ ಉಳಿದ ಬಾಕಿಗಾಗಿ ಮತ್ತೆ ಬೆನ್ನು ಬೀಳುವಂತಿಲ್ಲ. ಆದ್ದರಿಂದ ಬರಹದಲ್ಲಿ ಲೆಕ್ಕ ಕೇಳದೆ ಒಂದು ಡಾಲರನ್ನೂ ಕಟ್ಟಬಾರದು. ಸುಮ್ನೆ ಬಾಯಿ ಮುಚ್ಚಿಸಲು ಅಂತ ಸ್ವಲ್ಪ ಕಟ್ಟಿದರೆ ಎಷ್ಟೋ ರಾಜ್ಯಗಳಲ್ಲಿ ಕಾಲ ಮೀರಿದ ಸಾಲಕ್ಕೂ ಮತ್ತೆ ಜೀವ ಬರಬಹುದು. ಬಾಡಿಗೆದಾರರಿಗೆ ಇನ್ನೊಂದು ತರ. ಹೊಸ ಮಾಲೀಕ ನಾನೇ, ಬಾಡಿಗೆ ನನಗೆ ಕೊಡಿ, ಇಲ್ಲ ನಾಳೆಯೇ ಖಾಲಿ ಮಾಡಿ ಅಂತ ಯಾರೋ ಬರುತ್ತಾರೆ. ಒಪ್ಪಂದದ ಮೇಲೆ ಬಾಡಿಗೆಗೆ ಇರುವವರಿಗೆ ಹರಾಜಿನ ನಂತರವೂ ಕನಿಷ್ಠ 90 ದಿನದ ನೋಟಿಸ್ ಕೊಡಬೇಕು ಅನ್ನುವ ಫೆಡರಲ್ ಕಾನೂನು 2009ರಲ್ಲಿ ಬಂತು, 2018ರಲ್ಲಿ ಕಾಯಂ ಆಯಿತು.

ಇದೆಲ್ಲ ಅಮೆರಿಕದವರ ಗೋಳು, ನಮಗೇನು ಅಂತ ಕೇಳಬಹುದು. ಡಲ್ಲಾಸ್, ಬೇ ಏರಿಯಾ, ನ್ಯೂಜೆರ್ಸಿ ಕಡೆ ಮನೆ ಕೊಂಡ ಕನ್ನಡಿಗರು ಕಮ್ಮಿ ಇಲ್ಲ. ಎಚ್-1ಬಿ ವೀಸಾದಲ್ಲಿ ಇರುವವರಿಗೆ ಕೆಲಸ ಹೋದರೆ ಹೊಸ ಕೆಲಸ ಹುಡುಕಲು ಸಿಗುವ ಸಮಯ ಹೆಚ್ಚೆಂದರೆ 60 ದಿನ. ಆಗದಿದ್ದರೆ ವಾಪಸ್ ಬರಬೇಕು. ಮನೆ ಮಾರಲು ಅಷ್ಟು ಸಮಯ ಸಾಲದು. ಬಾಡಿಗೆಗೆ ಕೊಟ್ಟು ಊರಿಗೆ ಬರುತ್ತಾರೆ, ಬಾಡಿಗೆ ನಿಲ್ಲುತ್ತದೆ, ಕಂತು ತಪ್ಪುತ್ತದೆ. ಅಲ್ಲಿನ ಪತ್ರಗಳು ಅಲ್ಲಿನ ವಿಳಾಸಕ್ಕೇ ಹೋಗುತ್ತವೆ, ಇಲ್ಲಿ ಮೈಸೂರಿನಲ್ಲೋ ಬೆಂಗಳೂರಿನಲ್ಲೋ ಕೂತವರಿಗೆ ಗೊತ್ತಾಗುವುದಿಲ್ಲ. ಮನೆ ಹೇಗೂ ಹೋಯಿತು ಅಂತ ಆ ದೇಶದ ಕಡೆಗೇ ತಲೆ ಹಾಕದೆ ಇದ್ದುಬಿಡುವುದು ಸಹಜ. ವಾಟ್ಸಾಪ್‌ನಲ್ಲಿ ಇಂಗ್ಲಿಷ್ ಮಾತಾಡುವ ಒಬ್ಬ ‘ಏಜೆಂಟ್’ ಸಿಕ್ಕಿ ನೂರಕ್ಕೆ 60 ನಿಮಗೆ ಅಂದರೆ, ಬಂದದ್ದೇ ಲಾಭ ಅನಿಸುತ್ತದೆ.

ಇಂಥವರು ಮಾಡಬೇಕಾದ ಕೆಲಸ ದೊಡ್ಡದಲ್ಲ. ಮನೆ ಇದ್ದ ಕೌಂಟಿಯ ಹೆಸರು, ಹರಾಜಾದ ತಿಂಗಳು, ಕೇಸ್ ನಂಬರ್ ಇದ್ದರೆ ಅದು, ಇಷ್ಟನ್ನು ಬರೆದಿಟ್ಟುಕೊಳ್ಳಬೇಕು. ಕೋರ್ಟಿನ ಮೂಲಕ ಹರಾಜಾಗಿದ್ದರೆ ಕ್ಲರ್ಕ್ ಕಚೇರಿಗೆ, ಇಲ್ಲದಿದ್ದರೆ ನೋಟಿಸಿನಲ್ಲಿ ಹೆಸರಿರುವ ಟ್ರಸ್ಟಿಗೆ, ತೆರಿಗೆ ಬಾಕಿಗೆ ಹೋಗಿದ್ದರೆ ಕೌಂಟಿ ಖಜಾನೆಗೆ ನೇರವಾಗಿ ಕೇಳಬೇಕು. ನಂಬರನ್ನು ಸರ್ಕಾರಿ ವೆಬ್‌ಸೈಟಿನಿಂದ ತೆಗೆದುಕೊಳ್ಳಿ, ಕರೆ ಮಾಡಿದವನು ಕೊಟ್ಟ ನಂಬರ್ ಬೇಡ. ವಿಳಾಸ ಬದಲಾಗಿದೆ ಅಂತ ಬ್ಯಾಂಕಿಗೂ ಕೋರ್ಟಿಗೂ ಬರೆದು ತಿಳಿಸಿ. ಹರಾಜಾಗಿ ವರ್ಷಗಳಾಗಿದ್ದರೆ ರಾಜ್ಯದ ವಾರಸುದಾರರಿಲ್ಲದ ಹಣದ ಪಟ್ಟಿಯಲ್ಲಿ ಹೆಸರು ಹುಡುಕಬಹುದು. ಹಲವು ರಾಜ್ಯಗಳ ಪಟ್ಟಿ ‘ಮಿಸ್ಸಿಂಗ್‌ಮನಿ’ ಅನ್ನುವ ತಾಣದಲ್ಲಿ ಒಟ್ಟಿಗೆ ಸಿಗುತ್ತದೆ, ಹುಡುಕಲು ದುಡ್ಡಿಲ್ಲ. ಇನ್ನೂ ಅಲ್ಲೇ ಇರುವವರಿಗೆ ಅಮೆರಿಕದ ವಸತಿ ಇಲಾಖೆಯ ಮಾನ್ಯತೆ ಪಡೆದ ಸಲಹಾ ಕೇಂದ್ರಗಳಿವೆ. ಮನೆ ಕಳೆದುಕೊಳ್ಳುವ ಸ್ಥಿತಿಯಲ್ಲಿ ಇರುವವರಿಂದ ಅವರು ಫೀಸು ತೆಗೆದುಕೊಳ್ಳುವುದಿಲ್ಲ.

ಇನ್ನು ನಮ್ಮ ದೇಶದ ಮಾತು. ಇಲ್ಲೂ ಹರಾಜಿನಲ್ಲಿ ಮಿಕ್ಕ ದುಡ್ಡು ಮಾಲೀಕರದೇ. ಬ್ಯಾಂಕುಗಳು ಮನೆ ಹರಾಜು ಹಾಕುವುದು 2002ರ ಸರ್ಫೇಸಿ ಕಾಯ್ದೆಯಡಿ. ಮೊದಲು 60 ದಿನದ ನೋಟಿಸ್, ಆಮೇಲೆ ಸ್ವಾಧೀನ, ಆಮೇಲೆ ಹರಾಜು. ಅದರ 13(7)ನೇ ಸೆಕ್ಷನ್ ಪ್ರಕಾರ ಹರಾಜಿನ ದುಡ್ಡಿನಲ್ಲಿ ಮೊದಲು ಖರ್ಚು, ಆಮೇಲೆ ಬ್ಯಾಂಕಿನ ಬಾಕಿ, ಉಳಿದದ್ದು ಯಾರಿಗೆ ಸೇರಬೇಕೋ ಅವರಿಗೆ. ಅಲ್ಲಿಯ ತನಕ ಬ್ಯಾಂಕು ಆ ದುಡ್ಡನ್ನು ನಂಬಿಕೆಯ ಮೇಲೆ ಇಟ್ಟುಕೊಂಡಿರುತ್ತದೆ ಅಷ್ಟೇ. ಸಾಲ ತೀರಲಿಲ್ಲ ಅಂದರೆ ಉಳಿದದ್ದಕ್ಕೆ ಬ್ಯಾಂಕು ಸಾಲ ವಸೂಲಾತಿ ನ್ಯಾಯಮಂಡಳಿಗೆ, ಅಂದರೆ ಡಿಆರ್‌ಟಿಗೆ ಹೋಗುತ್ತದೆ. ಮಿಕ್ಕಿದರೆ ಸಾಲಗಾರ ಎಲ್ಲಿ ಹೋಗಬೇಕು ಅನ್ನುವುದನ್ನು ಅಷ್ಟು ಜೋರಾಗಿ ಯಾರೂ ಹೇಳುವುದಿಲ್ಲ.

ಅಮೆರಿಕದಲ್ಲಿ ಇರುವಂಥ ಮಿಕ್ಕ ದುಡ್ಡಿನ ಸಾರ್ವಜನಿಕ ಪಟ್ಟಿ ಇಲ್ಲಿ ಇಲ್ಲ. ಆದ್ದರಿಂದ ಅದರ ಹಿಂದೆ ಬೀಳುವ ದಲ್ಲಾಳಿಗಳ ಸಂತೆಯೂ ಇಲ್ಲಿ ಬೆಳೆದಿಲ್ಲ. ನಮ್ಮ ಕಡೆಯ ದಲ್ಲಾಳಿ ಬೇರೆ ಬಾಗಿಲಿನಿಂದ ಬರುತ್ತಾನೆ. ಬ್ಯಾಂಕಿನ ಸಾಹೇಬರು ನನಗೆ ಗೊತ್ತು, ಒನ್ ಟೈಮ್ ಸೆಟ್ಲ್‌ಮೆಂಟ್, ಅಂದರೆ ಸ್ವಲ್ಪ ಕಡಿಮೆ ಮೊತ್ತಕ್ಕೆ ಒಂದೇ ಸಲ ಸಾಲ ಚುಕ್ತಾ, ಮಾಡಿಸಿಕೊಡುತ್ತೇನೆ ಅನ್ನುತ್ತಾನೆ. ಹರಾಜಾದ ಮೇಲೂ ಡಿಆರ್‌ಟಿಯಿಂದ ಸ್ಟೇ ತಂದು ಮನೆ ವಾಪಸ್ ಕೊಡಿಸುತ್ತೇನೆ, ಒಂದು ಜಿಪಿಎ, ಅಂದರೆ ಜನರಲ್ ಪವರ್ ಆಫ್ ಅಟಾರ್ನಿ, ಬರೆದುಕೊಡಿ ಅನ್ನುತ್ತಾನೆ. ಇದನ್ನು ನಂಬುವ ಮುಂಚೆ ಎರಡು ವಿಷಯ ತಿಳಿದಿರಬೇಕು. ಬ್ಯಾಂಕಿನ ಕ್ರಮ ತಪ್ಪು ಅಂತ ಡಿಆರ್‌ಟಿಗೆ ಹೋಗಲು ಇರುವ ಸಮಯ 45 ದಿನ. ಪೂರ್ತಿ ಬಾಕಿ ಕಟ್ಟಿ ಆಸ್ತಿ ಬಿಡಿಸಿಕೊಳ್ಳುವ ಹಕ್ಕು ಹರಾಜಿನ ಪ್ರಕಟಣೆ ಹೊರಬೀಳುವ ತನಕ ಮಾತ್ರ ಅಂತ 2016ರ ತಿದ್ದುಪಡಿಯನ್ನು ವಿವರಿಸುತ್ತಾ ಸುಪ್ರೀಂ ಕೋರ್ಟು 2023ರ ಸೆಪ್ಟೆಂಬರಿನಲ್ಲಿ ಹೇಳಿದೆ. ಹರಾಜು ಮುಗಿದ ಮೇಲೆ ಬಂದು ಮನೆ ಬಿಡಿಸಿಕೊಡುತ್ತೇನೆ ಅನ್ನುವವನು ಯಾವ ಆಧಾರದ ಮೇಲೆ ಹಾಗೆ ಹೇಳುತ್ತಿದ್ದಾನೆ ಅಂತ ಕೇಳಿದರೆ ಅವನ ಬಂಡವಾಳ ಗೊತ್ತಾಗುತ್ತದೆ.

ಇಲ್ಲಿ ಮನೆ ಹೋದವರು ಬ್ಯಾಂಕಿಗೆ ಒಂದು ಪತ್ರವನ್ನಂತೂ ಬರೆಯಲೇಬೇಕು. ಎಷ್ಟಕ್ಕೆ ಹರಾಜಾಯಿತು, ದುಡ್ಡು ಯಾವತ್ತು ಬಂತು, ಆ ದಿನಕ್ಕೆ ಬಾಕಿ ಎಷ್ಟಿತ್ತು, ಖರ್ಚು ಅಂತ ಏನೇನು ಹಿಡಿದುಕೊಂಡಿದ್ದೀರಿ, ಉಳಿದದ್ದು ಎಷ್ಟು ಅಂತ ಬರಹದಲ್ಲಿ ಲೆಕ್ಕ ಕೇಳಬೇಕು. ದುಡ್ಡು ಬಂದ ದಿನದ ನಂತರವೂ ಬಡ್ಡಿ ಓಡಿಸಿದ್ದಾರಾ ಅಂತ ಮುಖ್ಯವಾಗಿ ನೋಡಿ. 30 ದಿನದಲ್ಲಿ ಉತ್ತರ ಬರದಿದ್ದರೆ ಬ್ಯಾಂಕುಗಳ ಮೇಲಿನ ದೂರು ವಿಚಾರಿಸುವ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ಆನ್‌ಲೈನ್‌ನಲ್ಲೇ ದೂರು ಕೊಡಬಹುದು, ಅದಕ್ಕೆ ಶುಲ್ಕ ಇಲ್ಲ. ಅದೇ ವಿಷಯ ಆಗಲೇ ಡಿಆರ್‌ಟಿಯಲ್ಲೋ ಕೋರ್ಟಿನಲ್ಲೋ ಇದ್ದರೆ ಓಂಬುಡ್ಸ್‌ಮನ್ ಕೈ ಹಾಕುವುದಿಲ್ಲ. ಆಗ ಲೆಕ್ಕದ ತಕರಾರನ್ನೂ ಅಲ್ಲಿನ ಅರ್ಜಿಯಲ್ಲೇ ಸೇರಿಸಲು ನಿಮ್ಮ ವಕೀಲರಿಗೆ ಹೇಳಿ.